ಕಾಯ್ದೆಯೊಳಗೆ ಅಪ್ಪ ಎಲ್ಲಿ?

ಬೆಂಗಳೂರಿನ ಕೆ.ಆರ್. ಪುರದ ಮಗ್ಗುಲಿನ ದೂರವಾಣಿನಗರದಲ್ಲಿ ಐಟಿಐ ಟೆಲಿಫೋನ್ ಕಾರ್ಖಾನೆ ಶುರುವಾದದ್ದು 1948ರಲ್ಲಿ. ಕಾರ್ಖಾನೆಗಳ ಕಾಯ್ದೆ ಬಂದದ್ದೂ ಅದೇ ವರ್ಷ. ಟೆಲಿಫೋನ್ ಜೋಡಿಸುವ ಸಾಲಿನಲ್ಲಿ ಹೆಂಗಸರು ಕೂತರು. ಆದರೆ ಸಂಜೆ 7 ಗಂಟೆಯಾದ ಮೇಲೆ ಬೆಳಿಗ್ಗೆ 6ರವರೆಗೆ ಅವರು ಕೆಲಸ ಮಾಡಕೂಡದು ಎಂದಿತು ಆ ಕಾಯ್ದೆ. ರಾತ್ರಿ ಪಾಳಿ ಇದ್ದ ಕಾರ್ಖಾನೆಗಳಲ್ಲೆಲ್ಲ ಅದರ ಭತ್ಯೆ ಗಂಡಸರ ಪಾಲಾಯಿತು. ಸಮಾನ ಕೆಲಸಕ್ಕೆ ಸಮಾನ ಸಂಬಳ ಕೊಡಿ ಎಂದು 1976ರಲ್ಲಿ ಇನ್ನೊಂದು ಕಾಯ್ದೆ ಬಂದರೂ, ಕೆಲಸವೇ ಸಮಾನವಾಗಿ ಸಿಗದವರಿಗೆ ಅದರಿಂದೇನು?

ಕಾರ್ಖಾನೆ ಕಾಯ್ದೆಯ 48ನೇ ಕಲಮು ಇನ್ನೂ ಸ್ವಾರಸ್ಯದ್ದಾಗಿತ್ತು. 50ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಅವರ 6 ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕಿತ್ತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. ಗಂಡಸರು ಸಾವಿರ ಮಂದಿ ದುಡಿದರೂ ಲೆಕ್ಕಕ್ಕಿರಲಿಲ್ಲ. ಅವರಿಗೇನು ಮಕ್ಕಳಿರಲಿಲ್ಲವೇ? ಕೊಠಡಿಯ ಖರ್ಚು ಉಳಿಸಬೇಕೆಂದರೆ ಹೆಂಗಸರನ್ನೇ ಕಡಿಮೆ ತೆಗೆದುಕೊಂಡರಾಯಿತು, ಅಷ್ಟೇ.

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರದಿಂದ 26ಕ್ಕೆ ಏರಿತು. ಶಿಶುಪಾಲನಾ ಕೇಂದ್ರಕ್ಕೆ ಗಂಡು ಹೆಣ್ಣೆನ್ನದೆ 50 ನೌಕರರ ಲೆಕ್ಕ ಬಂತು. ಅಬ್ಬಾ, ಅಪ್ಪನೂ ಎಣಿಕೆಗೆ ಸಿಕ್ಕ ಅಂದುಕೊಂಡರೆ, ದಿನಕ್ಕೆ 4 ಸಲ ಮಗುವನ್ನು ನೋಡಿಬರುವ ಹಕ್ಕು ತಾಯಿಗೆ ಮಾತ್ರ. ಇಎಸ್‌ಐ ವಿಮೆ ಇಲ್ಲದವರ ರಜೆಯ ಸಂಬಳವೆಲ್ಲ ಮಾಲೀಕನ ಕಿಸೆಯಿಂದಲೇ. ಹಾಗಾಗಿಯೇ ಸಂದರ್ಶನದಲ್ಲಿ "ಮದುವೆ ಆಗಿದೆಯೇನಮ್ಮ?" ಎಂಬ ಪ್ರಶ್ನೆ. ಹುಡುಗನಿಗೆ ಮದುವೆಯಾಗಿದ್ದರೆ ಜವಾಬ್ದಾರಿಯುಳ್ಳವನು ಎಂಬ ಹೆಸರು!

ಅಪ್ಪಂದಿರ ಕತೆ ಚಿಕ್ಕದು. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ. ಎಲ್ಲರಿಗೂ ಪಿತೃತ್ವ ರಜೆ ಸಿಗಲೆಂದು ಸಂಸದ ರಾಜೀವ್ ಸಾತವ್ 2017ರಲ್ಲಿ ತಂದ ಖಾಸಗಿ ಮಸೂದೆ ಕಾಯ್ದೆಯಾಗಲೇ ಇಲ್ಲ. ಬೆಂಗಳೂರಿನಲ್ಲಿ ಕಚೇರಿಯಿರುವ ಡಿಯಾಜಿಯೊ ಇಂಡಿಯಾ ಕಂಪನಿ 2021ರಲ್ಲಿ ತಂದೆಗೂ 26 ವಾರ ಕೊಟ್ಟಿತು. ರಾಜ್ಯ ಸರ್ಕಾರ 2023ರಲ್ಲಿ ತನ್ನ ಪುರುಷ ನೌಕರರಿಗೂ 180 ದಿನಗಳ ಶಿಶುಪಾಲನಾ ರಜೆ ಕೊಟ್ಟಿತಾದರೂ ಅದು ಒಂಟಿ ತಂದೆಗೆ ಮಾತ್ರ. ಹೆಂಡತಿ ಇದ್ದವನಿಗೇಕೆ ರಜೆ, ಅವಳಿದ್ದಾಳಲ್ಲ!

ನಡುವೆ ಕೊರೊನಾ ಬಂದು ಇಂದಿರಾನಗರದ ಕಚೇರಿಗಳೆಲ್ಲ ಮನೆಗೇ ಬಂದವು. ಇನ್ನಾದರೂ ಅಪ್ಪಂದಿರು ಒಗ್ಗಿಕೊಂಡಾರು ಎಂಬ ಆಸೆಯಿತ್ತು. ದೇಶದ ಸಮಯ ಬಳಕೆ ಸಮೀಕ್ಷೆ ಬೇರೆಯೇ ಹೇಳುತ್ತದೆ: ಮನೆಗೆಲಸ ಮಾಡುವ ಗಂಡಸರು ಅದಕ್ಕೆ ಕೊಟ್ಟದ್ದು 2019ರಲ್ಲಿ ದಿನಕ್ಕೆ 97 ನಿಮಿಷ, 2024ರಲ್ಲಿ 88. ಹೆಂಗಸರದು 299 ಇದ್ದದ್ದು 289.

ಈ ಹಳೆಯ ಕಾಯ್ದೆಗಳ ಜಾಗದಲ್ಲಿ 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದವು. ಶಿಶುಪಾಲನಾ ಕೇಂದ್ರಕ್ಕೆ ದಿನಕ್ಕೆ 4 ಸಲ ಹೋಗುವ ಅವಕಾಶ ಅಲ್ಲಿಯೂ ತಾಯಿಗಷ್ಟೇ.