ಮನೆಯ ಸರಸ್ವತೀ ಭಂಡಾರ

ಕಲಬುರಗಿ ಜಿಲ್ಲೆಯ ಚಿತ್ತಾಪುರಕ್ಕೆ ಅನತಿದೂರದಲ್ಲಿ ನಾಗಾವಿ ಎಂಬ ಪುರಾತನ ಸ್ಥಳವಿದೆ. ಇಂದು ಅಲ್ಲಿಗೆ ಹೋದವರಿಗೆ ಎಲ್ಲಮ್ಮದೇವಿಯ ಗುಡಿ, ಅರವತ್ತು ಕಂಬಗಳ ಹಳೆಯ ಕಟ್ಟಡ, ಅಲ್ಲಲ್ಲಿ ಬಿದ್ದಿರುವ ಕಲ್ಲುಗಳು ಕಾಣುತ್ತವೆ. ಕಲ್ಯಾಣದ ಚಾಲುಕ್ಯ ದೊರೆ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ ಇದು ಹೆಸರಾಂತ ಘಟಿಕಾಸ್ಥಾನವಾಗಿತ್ತು; ವೇದಶಾಸ್ತ್ರಗಳ ಅಭ್ಯಾಸಕ್ಕಾಗಿ ಇನ್ನೂರೈವತ್ತರಷ್ಟು ವಿದ್ಯಾರ್ಥಿಗಳು ಇಲ್ಲಿ ನೆಲೆಸಿದ್ದರು. 1058ರ ಶಾಸನವು ಉಪಾಧ್ಯಾಯರ ಜೊತೆಗೆ ಆರು ಮಂದಿ ‘ಸರಸ್ವತೀ ಭಂಡಾರಿಗ’ರನ್ನೂ ಹೆಸರಿಸುತ್ತದೆ. ಪುಸ್ತಕಗಳನ್ನು ಕಾಯುವುದೇ ಅವರ ಉದ್ಯೋಗ. ಗ್ರಂಥವನ್ನು ಸಂಪಾದಿಸಿದರೆ ಸಾಲದು, ಅದನ್ನು ನೋಡಿಕೊಳ್ಳುವವರೂ ಬೇಕೆಂಬುದನ್ನು ಈ ನಾಡು ಸಾವಿರ ವರ್ಷಗಳ ಹಿಂದೆಯೇ ಅರಿತಿತ್ತು.

ಆ ಅರಿವು ಇಂದಿನ ಗೃಹಸ್ಥರಿಗೂ ಬೇಕಾಗಿದೆ. ಕಾಳಗಿ, ಸೇಡಂ, ಚಿಂಚೋಳಿಗಳ ಹಳೆಯ ಮನೆಗಳಲ್ಲಿ ಒಂದು ಕಪಾಟನ್ನು ತೆರೆದರೆ ನಾಲ್ಕು ಲಿಪಿಗಳು ಎದುರಾದರೆ ಆಶ್ಚರ್ಯವಿಲ್ಲ. 1948ರವರೆಗೆ ಈ ಪ್ರದೇಶ ನಿಜಾಮರ ಆಳ್ವಿಕೆಯಲ್ಲಿತ್ತು. ಅಜ್ಜನ ಓದು ಉರ್ದುವಿನಲ್ಲಿ, ತಂದೆಯ ಓದು ಕನ್ನಡದಲ್ಲಿ, ನೆರೆಹೊರೆಯ ನಂಟಿನಿಂದ ಬಂದ ಮರಾಠಿ, ತೆಲುಗು ಪುಸ್ತಕಗಳು ಬೇರೆ. ಇವೆಲ್ಲದರ ಲೆಕ್ಕ ಇರುವುದು ಮನೆಯ ಹಿರಿಯರೊಬ್ಬರ ನೆನಪಿನಲ್ಲಿ ಮಾತ್ರ. ಅವರು ಕಣ್ಮರೆಯಾದ ಮೇಲೆ ಯಾವುದು ಅಮೂಲ್ಯ, ಯಾವುದು ಸಾಮಾನ್ಯ ಎಂದು ಹೇಳುವವರಿಲ್ಲ. ಕಪಾಟು ರದ್ದಿ ಅಂಗಡಿಯ ತಕ್ಕಡಿಗೇರುತ್ತದೆ.

ಪಟ್ಟಿ ಉಳಿಯಿತು, ಪುಸ್ತಕ ಉಳಿಯಲಿಲ್ಲ

ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ತನಗಿಂತ ಹಿಂದಿನ ಕನ್ನಡ ಗದ್ಯಕಾರರನ್ನು ಹೆಸರಿಸುತ್ತದೆ: ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಇವರ ಕನ್ನಡ ಗ್ರಂಥಗಳಲ್ಲಿ ಒಂದಾದರೂ ನಮ್ಮವರೆಗೆ ಬಂದಿಲ್ಲ. ಹೆಸರುಗಳ ಪಟ್ಟಿ ಮಾತ್ರ ಉಳಿದಿದೆ. ಆ ಪಟ್ಟಿಯೂ ಇಲ್ಲದಿದ್ದರೆ ಅವರು ಕನ್ನಡದಲ್ಲಿ ಬರೆದಿದ್ದರೆಂಬ ಸಂಗತಿಯೇ ಅಳಿದುಹೋಗುತ್ತಿತ್ತು.

ಇದಕ್ಕೆ ತದ್ವಿರುದ್ಧವಾದ ಸಂಗತಿ ನಮ್ಮ ಕಾಲದಲ್ಲಿ ನಡೆಯಿತು. ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಚಿತ್ರಗಳಾಗಿ ಸಂಗ್ರಹಿಸಲಾಯಿತು. ಆದರೆ ಹೆಸರುಗಳನ್ನು ರೋಮನ್ ಅಕ್ಷರಗಳಲ್ಲಿ, ಅದೂ ತಪ್ಪುತಪ್ಪಾಗಿ ನಮೂದಿಸಿದ್ದರಿಂದ, ಇದ್ದ ಪುಸ್ತಕವೂ ಹುಡುಕಿದವರಿಗೆ ಸಿಗದಂತಾಯಿತು. ‘ಸಂಚಯ’ ಬಳಗದ ಉತ್ಸಾಹಿಗಳು ಹಲವರ ನೆರವಿನಿಂದ ಆ ಹೆಸರುಗಳನ್ನು ಕನ್ನಡ ಲಿಪಿಗೆ ತಂದರು. ಆಮೇಲೆ ಕನ್ನಡದಲ್ಲಿಯೇ ಹುಡುಕುವುದು ಸಾಧ್ಯವಾಯಿತು. ಮುಂದೆ ಮೂಲ ಜಾಲತಾಣವೇ ಮುಚ್ಚಿತು. ಅಮೆರಿಕದ ಇಂಟರ್ನೆಟ್ ಆರ್ಕೈವ್ ಸಂಸ್ಥೆಯಲ್ಲಿ ಬಹಳಷ್ಟು ಪುಸ್ತಕಗಳ ಪ್ರತಿಗಳಿದ್ದುದರಿಂದ ಅವು ಬದುಕಿಕೊಂಡವು.

ಈ ಎರಡು ಪ್ರಸಂಗಗಳ ತಾತ್ಪರ್ಯ ಒಂದೇ. ಪಟ್ಟಿಯೂ ಬೇಕು, ಪ್ರತಿಯೂ ಬೇಕು. ಅವೆರಡೂ ಒಂದೇ ಕಡೆ ಇರಬಾರದು.

ಪಟ್ಟಿ ಮಾಡುವ ಬಗೆ

ಕೆಲಸ ಕಠಿನವಲ್ಲ. ಗೂಗಲ್ ಶೀಟ್ಸ್‌ನಂತಹ ಅಂತರ್ಜಾಲದ ಕೋಷ್ಟಕವೊಂದು ಸಾಕು. ಕ್ರಮಸಂಖ್ಯೆ, ಪುಸ್ತಕದ ಹೆಸರು, ಲೇಖಕ, ಪ್ರಕಾಶಕ, ವರ್ಷ, ಕಪಾಟಿನ ಸಾಲು ಎಂದು ಆರು ಅಂಕಣಗಳು; ಏಳನೆಯದು ‘ಯಾರಿಗೆ, ಎಂದು ಕೊಟ್ಟಿದ್ದು’. ಎರವಲು ಹೋದ ಪುಸ್ತಕಗಳು ಮರಳಿ ಬರಬೇಕಾದರೆ ಈ ಏಳನೆಯದು ತೀರ ಅವಶ್ಯ.

ಹೊಸ ಪುಸ್ತಕಗಳ ಬೆನ್ನಿನ ಮೇಲೆ ಐಎಸ್‌ಬಿಎನ್ ಎಂಬ ಸಂಖ್ಯೆ ಇರುತ್ತದೆ. 2007ರಿಂದ ಅದು ಹದಿಮೂರು ಅಂಕಿಗಳದ್ದು. 2005ರಲ್ಲಿ ಆರಂಭವಾದ ಲೈಬ್ರರಿಥಿಂಗ್‌ನಂತಹ ತಾಣದಲ್ಲಿ ಈ ಸಂಖ್ಯೆಯನ್ನು ಕೊಟ್ಟರೆ ಎಷ್ಟೋ ಪುಸ್ತಕಗಳ ವಿವರ ತಾನಾಗಿ ಬರುತ್ತದೆ. ಆದರೆ ಅಜ್ಜನ ಕಾಲದ ಪುಸ್ತಕಗಳಿಗೆ ಆ ಸಂಖ್ಯೆ ಇಲ್ಲ. ಅವನ್ನು ಕೈಯಾರೆ ಬರೆಯಬೇಕು. ಮುಖಪುಟದ ಛಾಯಾಚಿತ್ರವನ್ನೂ ಮೊಬೈಲಿನಲ್ಲಿ ತೆಗೆದಿಡಬೇಕು.

ಹೆಸರಿನ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಕುವೆಂಪು ಮತ್ತು ಕೆ. ವಿ. ಪುಟ್ಟಪ್ಪ ಒಬ್ಬರೇ, ಅಂಬಿಕಾತನಯದತ್ತ ಮತ್ತು ಬೇಂದ್ರೆ ಒಬ್ಬರೇ. ಕಂಪ್ಯೂಟರಿಗೆ ಇದು ತಿಳಿಯದು. ಎರಡು ಹೆಸರುಗಳನ್ನೂ ಬರೆದರೆ ಯಾವುದರಿಂದ ಹುಡುಕಿದರೂ ಪುಸ್ತಕ ಸಿಗುತ್ತದೆ. ಉರ್ದು ಪುಸ್ತಕದ ಹೆಸರನ್ನು ಅದರ ಲಿಪಿಯ ಜೊತೆಗೆ ಕನ್ನಡದಲ್ಲಿಯೂ ಬರೆಯಬೇಕು. ಆ ಲಿಪಿ ಬಾರದ ಮೊಮ್ಮಕ್ಕಳಿಗೆ ಅದೊಂದೇ ದಾರಿ. ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಒಂದು, ಓದುಗನ ಕಾಲವನ್ನು ಉಳಿಸಬೇಕೆಂಬುದು. ಮನೆಯ ಪಟ್ಟಿಗೂ ಅದೇ ಸೂತ್ರ.

ಪ್ರತಿ ಎಲ್ಲಿರಬೇಕು?

ಅಜ್ಜನ ಪತ್ರಗಳು, ಕೈಬರಹದ ಹಾಡಿನ ಪುಸ್ತಕ, ಹಳೆಯ ಛಾಯಾಚಿತ್ರಗಳು ಇವು ಅಂಗಡಿಯಲ್ಲಿ ಮತ್ತೆ ಸಿಗುವಂಥವಲ್ಲ. ಗೆದ್ದಲು, ಬೇಸಿಗೆಯ ಬಿಸಿಲು, ಮಳೆಗಾಲದ ತೇವ ಇವು ಕಾಗದದ ಶತ್ರುಗಳು. ಇಂಥವುಗಳ ಚಿತ್ರ ತೆಗೆದು ಮೂರು ಪ್ರತಿಗಳನ್ನಿಡುವುದು ಬಲ್ಲವರ ಪದ್ಧತಿ: ಒಂದು ಮನೆಯ ಕಂಪ್ಯೂಟರಿನಲ್ಲಿ, ಒಂದು ಬೇರೆ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಅಂತರ್ಜಾಲದ ಉಗ್ರಾಣದಲ್ಲಿ. ಗೂಗಲ್ ಡ್ರೈವ್ ಹದಿನೈದು ಗಿಗಾಬೈಟುಗಳ ಸ್ಥಳವನ್ನು ಉಚಿತವಾಗಿ ಕೊಡುತ್ತದೆ. ಮಿಂಚಂಚೆಗೂ ಅದೇ ಸ್ಥಳದಲ್ಲಿ ಪಾಲುಂಟು. ಹಕ್ಕುಸ್ವಾಮ್ಯದ ವಿಚಾರವನ್ನೂ ಮರೆಯಲಾಗದು. ನಮ್ಮ ದೇಶದಲ್ಲಿ ಲೇಖಕನ ಮರಣಾನಂತರ ಅರವತ್ತು ವರ್ಷಗಳವರೆಗೆ ಅದು ಉಳಿಯುತ್ತದೆ. ಅಂತಹ ಪುಸ್ತಕವನ್ನು ಇಡಿಯಾಗಿ ಚಿತ್ರ ತೆಗೆದು ಊರಿಗೆಲ್ಲ ಹಂಚುವುದು ಸಲ್ಲದು.

ಬೀಗದ ಕೈ ಯಾರ ಬಳಿ?

ಅಂತರ್ಜಾಲದ ಉಗ್ರಾಣವೂ ಶಾಶ್ವತವಲ್ಲ. ಎರಡು ವರ್ಷಗಳ ಕಾಲ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲ್ ಸಂಸ್ಥೆ 2023ರ ಡಿಸೆಂಬರಿನಿಂದ ಆರಂಭಿಸಿತು. ಮನೆಯ ಯಜಮಾನ ತೀರಿಕೊಂಡರೆ ಅವನ ಗುಪ್ತಪದವೂ ಅವನೊಂದಿಗೆ ಹೋಗುತ್ತದೆ. ಎರಡು ವರ್ಷ ಕಳೆಯುವುದರೊಳಗೆ ಮನೆಮಂದಿ ಎಚ್ಚೆತ್ತುಕೊಳ್ಳದಿದ್ದರೆ ಸಂಗ್ರಹವೆಲ್ಲ ಶೂನ್ಯ. ಖಾತೆ ನಿಷ್ಕ್ರಿಯವಾದಾಗ ಅದರಲ್ಲಿರುವುದನ್ನು ಯಾರಿಗೆ ಒಪ್ಪಿಸಬೇಕೆಂದು ಮೊದಲೇ ಸೂಚಿಸುವ ಅನುಕೂಲ ಅಲ್ಲಿಯೇ ಇದೆ. ಅದನ್ನು ಬಳಸಬೇಕು. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನವೋ ಸರಸ್ವತಿ ಪೂಜೆಯ ದಿನವೋ, ಪಟ್ಟಿಯನ್ನು ಕಾಗದದ ಮೇಲೆ ಅಚ್ಚು ಮಾಡಿಸಿ ಕಪಾಟಿನಲ್ಲಿಡುವುದೂ ಲೇಸು. ವಿದ್ಯುಚ್ಛಕ್ತಿ ಇಲ್ಲದಾಗಲೂ ಕಾಗದವನ್ನು ಓದಬಹುದು.

ನಾಗಾವಿಯಲ್ಲಿ ಆರು ಮಂದಿ ಮಾಡುತ್ತಿದ್ದ ಕೆಲಸವನ್ನು ಇಂದು ಮನೆಯ ಹೈಸ್ಕೂಲು ಹುಡುಗಿಯೊಬ್ಬಳು ಬೇಸಿಗೆಯ ರಜೆಯಲ್ಲಿ ಮಾಡಿ ಮುಗಿಸಬಲ್ಲಳು. ಅಜ್ಜ ಪಕ್ಕದಲ್ಲಿ ಕುಳಿತು ಪುಸ್ತಕಗಳನ್ನು ಒಂದೊಂದಾಗಿ ಕೈಗೆ ಕೊಡುತ್ತ ಹೋಗಬೇಕು, ಅಷ್ಟೆ. ಯಾವ ಪುಸ್ತಕ ಯಾರ ಉಡುಗೊರೆ, ಯಾವುದನ್ನು ಯಾವ ಊರಿನಲ್ಲಿ ಕೊಂಡದ್ದು ಎಂಬುದನ್ನು ಹೇಳಬಲ್ಲವರು ಅವರೊಬ್ಬರೇ. ಅದನ್ನು ಬರೆದುಕೊಳ್ಳಲು ಎಂಟನೆಯ ಅಂಕಣವೊಂದನ್ನು ಸೇರಿಸುವುದು ಒಳ್ಳೆಯದು.