ಬೆನ್ನ ಮೇಲಿನ ಮನೆಗೆ ಲಿಥಿಯಂ ಬ್ಯಾಟರಿ

ಅಮೆರಿಕಾ ದೇಶದಲ್ಲಿ ‘ಪಿಕಪ್’ ಎಂದು ಕರೆಯಲ್ಪಡುವ, ಹಿಂಭಾಗವು ತೆರೆದಿರುವ ಟ್ರಕ್ಕುಗಳನ್ನು ಸಂಸಾರಸ್ಥರೂ ಇಟ್ಟುಕೊಂಡಿರುವುದು ಸಾಮಾನ್ಯ. ಇಂತಹ ಟ್ರಕ್ಕಿನ ಬೆನ್ನ ಮೇಲೆ ಏರಿಸಿ ಬಿಗಿಯಬಹುದಾದ, ಬೇಡವಾದಾಗ ನಾಲ್ಕು ಊರುಗಾಲುಗಳ ಮೇಲೆ ಎತ್ತಿ ಇಳಿಸಿಬಿಡಬಹುದಾದ ಪುಟ್ಟ ಮನೆಗೆ ಅಲ್ಲಿನವರು ‘ಟ್ರಕ್ ಕ್ಯಾಂಪರ್’ ಎನ್ನುವರು. ಅದರೊಳಗೆ ಮಂಚ, ಅಡಿಗೆಯ ಒಲೆ, ನೀರಿನ ತೊಟ್ಟಿ, ಫ್ರಿಜ್ಜು, ಬಿಸಿಗಾಳಿಯನ್ನೂದುವ ಅಗ್ಗಿಷ್ಟಿಕೆ, ಇವೆಲ್ಲವೂ ಅಡಕವಾಗಿರುವುವು. ಬಸವನಹುಳುವು ತನ್ನ ಮನೆಯನ್ನು ತಾನೇ ಹೊತ್ತು ನಡೆಯುವಂತೆ, ಈ ವಾಹನವು ತನ್ನ ಯಜಮಾನನ ಮನೆಯನ್ನು ಹೊತ್ತು ಕೊಲೊರಾಡೊ, ಯೂಟಾ ಮೊದಲಾದ ಪ್ರಾಂತಗಳ ಪರ್ವತಗಳನ್ನೂ ಮರುಭೂಮಿಗಳನ್ನೂ ಸುತ್ತಿಸಿಕೊಂಡು ಬರುವುದು.

ಈ ಸಂಗತಿಯು ನಮ್ಮ ವಾಚಕರಿಗೆ ದೂರದ್ದೆಂದು ತೋರಬಹುದು. ಆದರೆ ಮಕ್ಕಳು ಆ ದೇಶದಲ್ಲಿ ನೆಲೆಸಿರಲು, ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಅಲ್ಲಿಗೆ ಹೋಗಿ ಬರುವ ತಾಯಿತಂದೆಗಳು ಈಗ ನಮ್ಮಲ್ಲಿ ವಿರಳರಲ್ಲ. ಅಂತಹವರು ಮಗನೊಡನೆಯೋ ಅಳಿಯನೊಡನೆಯೋ ಇಂತಹ ಮನೆಯಲ್ಲಿ ಕೆಲವು ರಾತ್ರಿ ಮಲಗುವ ಸಂದರ್ಭ ಒದಗುವುದುಂಟು. ಅಲ್ಲದೆ, ಆ ಪುಟ್ಟ ಮನೆಯ ವಿದ್ಯುತ್ತಿನ ವ್ಯವಸ್ಥೆಗೂ ನಮ್ಮ ಮನೆಗಳ ಮೂಲೆಯಲ್ಲಿ ಕುಳಿತಿರುವ ಇನ್ವರ್ಟರಿಗೂ ತತ್ತ್ವದಲ್ಲಿ ಭೇದವಿಲ್ಲ. ಒಂದನ್ನು ಅರಿತವರು ಇನ್ನೊಂದನ್ನೂ ಅರಿತಂತೆಯೇ. ಆದಕಾರಣ ಹಳೆಯ ಸೀಸದ ಬ್ಯಾಟರಿಯನ್ನು ತೆಗೆದು ಹೊಸ ಲಿಥಿಯಂ ಬ್ಯಾಟರಿಯನ್ನು ಇಡುವವರು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ಸಂಗ್ರಹಿಸಿ ಹೇಳುವೆವು.

ಮೊದಲು ಖರ್ಚಿನ ಲೆಕ್ಕವನ್ನು ನೋಡೋಣ. ಕ್ಯಾಂಪರಿನೊಳಗಿನ ವಿದ್ಯುತ್ತು ಸಾಮಾನ್ಯವಾಗಿ ೧೨ ವೋಲ್ಟಿನದು. ಒಂದು ಆಂಪಿಯರ್ ಪ್ರವಾಹವು ಒಂದು ಘಂಟೆ ಹರಿದರೆ ಅದಕ್ಕೆ ಒಂದು ಆಂಪಿಯರ್-ಘಂಟೆ ಎಂದು ಹೆಸರು. ಚಳಿಗಾಲದ ಒಂದು ದಿನಕ್ಕೆ ದೀಪಗಳಿಗೆ ೪, ನೀರೆತ್ತುವ ಪಂಪಿಗೆ ೨, ಅಗ್ಗಿಷ್ಟಿಕೆಯ ಬೀಸಣಿಗೆಗೆ ೨೪, ಫ್ರಿಜ್ಜಿಗೆ ೪೦, ದೂರವಾಣಿ ಮೊದಲಾದ ಚಿಲ್ಲರೆಗೆ ೧೦ ಎಂದು ಇಟ್ಟುಕೊಂಡರೆ, ಒಟ್ಟು ೮೦ ಆಂಪಿಯರ್-ಘಂಟೆಗಳಾದುವು. ಇದು ದುಂದುಗಾರನ ಲೆಕ್ಕವಲ್ಲ. ಮಿತವ್ಯಯಿಯಾದ ಗೃಹಸ್ಥನ ಲೆಕ್ಕ.

ಇದನ್ನು ಪೂರೈಸಲು ಹಳೆಯ ಕ್ರಮದಲ್ಲಿ ತಲಾ ೧೦೦ ಆಂಪಿಯರ್-ಘಂಟೆಯ ಎರಡು ಸೀಸದ ಬ್ಯಾಟರಿಗಳಿರುವುವು. ಹೆಸರಿಗೆ ೨೦೦ ಆದರೂ ಉಪಯೋಗಕ್ಕೆ ಬರುವುದು ಅದರಲ್ಲಿ ಅರ್ಧವೇ. ಸೀಸದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಬೇಗನೆ ಕ್ಷೀಣಿಸುವುದು. ಚಳಿಯಲ್ಲಿ ಅದರ ಶಕ್ತಿಯು ಇನ್ನೂ ಕುಗ್ಗುವುದು. ಮೋಡ ಮುಸುಕಿ ಸೂರ್ಯಫಲಕಗಳು ಕೆಲಸಮಾಡದ ಒಂದು ದಿನ ಕಳೆದರೆ, ಎರಡನೆಯ ರಾತ್ರಿಯಲ್ಲಿ ಬೀಸಣಿಗೆಯು ನಿಲ್ಲುವುದು. ಸಿಲಿಂಡರಿನ ತುಂಬ ಅನಿಲವಿದ್ದರೂ ಬೀಸಣಿಗೆಯಿಲ್ಲದೆ ಆ ಅಗ್ಗಿಷ್ಟಿಕೆಯು ಉರಿಯದು. ಹೊರಗೆ ಹಿಮ, ಸಮೀಪದ ಊರು ಹಲವು ಮೈಲಿಗಳಾಚೆ, ಒಳಗೆ ವೃದ್ಧರೋ ಶಿಶುಗಳೋ ಇದ್ದರೆ ಆ ರಾತ್ರಿಯನ್ನು ಕಳೆಯುವುದು ಹೇಗೆ? ನಿದ್ರೆಯಲ್ಲಿ ಉಸಿರು ಕಟ್ಟುವ ವ್ಯಾಧಿಗಾಗಿ ಯಂತ್ರವನ್ನು ಮೂಗಿಗೆ ಧರಿಸಿ ಮಲಗುವವರ ಪಾಡಂತೂ ಹೇಳಬೇಕಾಗಿಲ್ಲ. ಬ್ಯಾಟರಿಯ ವಿಚಾರವು ಬರಿಯ ಸೌಕರ್ಯದ ವಿಚಾರವಲ್ಲವೆಂಬುದು ಇದರಿಂದ ವಿಶದವಾಗುವುದು.

ಸೀಸದ ಬ್ಯಾಟರಿಯನ್ನು ನಾವು ಹೀಯಾಳಿಸತಕ್ಕದ್ದಲ್ಲ. ೧೮೫೯ರಲ್ಲಿ ಫ್ರಾನ್ಸ್ ದೇಶದ ಗಾಸ್ತೋನ್ ಪ್ಲಾಂತೆ ಎಂಬ ಪಂಡಿತನು ಇದನ್ನು ಕಂಡುಹಿಡಿದನು. ಖಾಲಿಯಾದ ಮೇಲೆ ಪುನಃ ತುಂಬಬಹುದಾದ ಬ್ಯಾಟರಿಗಳಲ್ಲಿ ಇದೇ ಹಿರಿಯದು. ಗಂಧಕಾಮ್ಲದಲ್ಲಿ ಮುಳುಗಿರುವ ಸೀಸದ ತಗಡುಗಳು ವಿದ್ಯುತ್ತನ್ನು ಕೊಡುತ್ತ ಕೊಡುತ್ತ ಸೀಸದ ಸಲ್ಫೇಟಾಗಿ ಮಾರ್ಪಡುವುವು. ತುಂಬುವಾಗ ಹಿಂದಿನ ಸ್ಥಿತಿಗೆ ಮರಳುವುವು. ಖಾಲಿಯಾಗಿಯೇ ಬಹುದಿನ ಬಿಟ್ಟರೆ ಆ ಸಲ್ಫೇಟು ಗಟ್ಟಿಯಾಗಿ ಮತ್ತೆ ಕರಗದು, ಬ್ಯಾಟರಿಯು ಸತ್ತಂತಾಗುವುದು. ತುಂಬುವ ಕಡೆಯ ಘಟ್ಟದಲ್ಲಿ ನೀರು ಒಡೆದು ಜಲಜನಕ ವಾಯುವು ಹೊರಡುವುದು. ಗಾಳಿಯಲ್ಲಿ ಇದು ನೂರಕ್ಕೆ ನಾಲ್ಕು ಪಾಲಾದರೆ ಒಂದು ಕಿಡಿಯಿಂದ ಸ್ಫೋಟವಾಗಬಲ್ಲುದು. ಆದುದರಿಂದಲೇ ಅದಕ್ಕೆ ಗಾಳಿಯಾಡುವ ಸ್ಥಳ ಬೇಕು, ಕಾಲಕಾಲಕ್ಕೆ ಶುದ್ಧಜಲ ಬೇಕು, ಕಾಯುವ ಕಣ್ಣೂ ಬೇಕು.

ಲಿಥಿಯಂ ಬ್ಯಾಟರಿಗಳಲ್ಲಿ ಹಲವು ಕುಲಗಳುಂಟು. ೧೯೯೧ರಲ್ಲಿ ಜಪಾನಿನ ಸೋನಿ ಕಂಪನಿಯು ಮೊದಲು ಮಾರಾಟಕ್ಕೆ ತಂದುದು ಕೋಬಾಲ್ಟ್ ಸೇರಿದ ಜಾತಿ. ಕ್ಯಾಂಪರುಗಳಲ್ಲಿಯೂ ಮನೆಗಳಲ್ಲಿಯೂ ಈಗ ಹೆಚ್ಚಾಗಿ ಉಪಯೋಗವಾಗುವುದು ಲಿಥಿಯಂ, ಕಬ್ಬಿಣ, ಫಾಸ್ಫೇಟುಗಳಿಂದ ಕೂಡಿದ ಇನ್ನೊಂದು ಜಾತಿ. ಇದರ ವಿಷಯವಾಗಿ ಟೆಕ್ಸಾಸ್ ವಿಶ್ವವಿದ್ಯಾನಿಲಯದಿಂದ ೧೯೯೭ರಲ್ಲಿ ಪ್ರಕಟವಾದ ಪ್ರಸಿದ್ಧ ಲೇಖನದ ಕರ್ತೃಗಳು ಮೂವರು: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ಎರಡನೆಯ ಹೆಸರು ಕನ್ನಡಿಗರ ಕಿವಿಗೆ ಎಷ್ಟು ಪರಿಚಿತವೆಂಬುದನ್ನು ನಾವು ಹೇಳಬೇಕಾದುದಿಲ್ಲ. ಮೂರನೆಯವರಾದ ಜಾನ್ ಗುಡ್‌ಇನಫ್ ಅವರಿಗೆ ೨೦೧೯ರಲ್ಲಿ, ತಮ್ಮ ೯೭ನೆಯ ವಯಸ್ಸಿನಲ್ಲಿ, ಇತರ ಇಬ್ಬರೊಡನೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ವಿದ್ಯೆಗೆ ವಯಸ್ಸಿನ ಮಿತಿಯಿಲ್ಲವೆಂಬುದಕ್ಕೆ ಬೇರೆ ನಿದರ್ಶನವೇಕೆ?

‘ಲಿಥಿಯಂ ಎಂದರೆ ಬೆಂಕಿಯಲ್ಲವೆ?’ ಎಂದು ಗೃಹಿಣಿಯರು ಕೇಳುವುದು ಸಹಜ. ೨೦೧೩ರ ಜನವರಿಯಲ್ಲಿ ಬೋಯಿಂಗ್ ೭೮೭ ಜಾತಿಯ ಎರಡು ವಿಮಾನಗಳಲ್ಲಿ ಬ್ಯಾಟರಿಗಳು ಕೆಟ್ಟು ಹೊಗೆಯಾಡಿ, ಆ ಜಾತಿಯ ವಿಮಾನಗಳನ್ನೆಲ್ಲ ಕೆಲಕಾಲ ನೆಲದಲ್ಲಿಯೇ ನಿಲ್ಲಿಸಬೇಕಾಯಿತು. ಅವು ಕೋಬಾಲ್ಟಿನ ಕುಲದವು. ಕಬ್ಬಿಣ-ಫಾಸ್ಫೇಟಿನ ಕುಲದಲ್ಲಿ ಆಮ್ಲಜನಕವು ರಂಜಕದೊಡನೆ ದೃಢವಾಗಿ ಬಂಧಿತವಾಗಿರುವುದರಿಂದ, ಬಿಸಿಯೇರಿದರೂ ಅದು ಸುಲಭವಾಗಿ ಬಿಡುಗಡೆಯಾಗಿ ಉರಿಗೆ ಇಂಬುಕೊಡದು. ಹಾಗೆಂದು ಇದು ಅಗ್ನಿಗೆ ಅತೀತವೆಂದು ಭಾವಿಸತಕ್ಕದ್ದಲ್ಲ. ಅಪಾಯವು ಬಹಳ ಮಟ್ಟಿಗೆ ಬ್ಯಾಟರಿಯಿಂದ ತಂತಿಗಳ ಕಡೆಗೆ ವರ್ಗವಾಗುವುದು. ಅದನ್ನು ಮುಂದೆ ಹೇಳುವೆವು.

ಇದರ ಲಾಭಗಳೇನು? ೧೦೦ ಆಂಪಿಯರ್-ಘಂಟೆಯ ಸೀಸದ ಬ್ಯಾಟರಿಯು ಸುಮಾರು ೨೮ ಕಿಲೋಗ್ರಾಂ ತೂಗಿದರೆ, ಅದೇ ಅಳತೆಯ ಲಿಥಿಯಂ ಬ್ಯಾಟರಿಯು ಸುಮಾರು ೧೨ ಕಿಲೋಗ್ರಾಂ ತೂಗುವುದು. ಎರಡರಿಂದ ೩೨ ಕಿಲೋಗ್ರಾಂ ಉಳಿತಾಯ. ಟ್ರಕ್ಕಿಗೆ ಹೊರಬಹುದಾದ ಭಾರದ ಮಿತಿಯುಂಟಾದುದರಿಂದ ಈ ಉಳಿತಾಯವು ಅಲ್ಪವಲ್ಲ. ತುಂಬಿದ ಶಕ್ತಿಯಲ್ಲಿ ನೂರಕ್ಕೆ ಎಂಬತ್ತರಿಂದ ತೊಂಬತ್ತು ಪಾಲನ್ನು ನಿಶ್ಚಿಂತೆಯಾಗಿ ಉಪಯೋಗಿಸಬಹುದು. ಸೀಸದ್ದು ಕೆಲವು ನೂರು ಸಲ ತುಂಬಿ ಬರಿದಾಗುವುದರೊಳಗೆ ಸೋತರೆ, ಇದು ಎರಡು ಮೂರು ಸಾವಿರ ಸಲ ಬಾಳುವುದು. ಕೊಳ್ಳುವಾಗ ಬೆಲೆ ಹೆಚ್ಚಾದರೂ ಬಾಳಿಕೆಯಿಂದ ಭಾಗಿಸಿದರೆ ಹಗುರವಾಗಿಯೇ ತೋರುವುದು.

ಇಷ್ಟನ್ನು ಕೇಳಿದ ಕೂಡಲೆ ಕೆಲವರು ಹಳೆಯದನ್ನು ಕಿತ್ತು ಅದೇ ಸ್ಥಳದಲ್ಲಿ ಹೊಸದನ್ನು ಇಟ್ಟು, ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳುವರು. ಅನರ್ಥಕ್ಕೆಲ್ಲ ಇದೇ ಮೂಲ. ‘ಯೋಗಕ್ಷೇಮ’ ಎಂಬ ಶಬ್ದವನ್ನು ನಾವು ಕಾಗದಗಳಲ್ಲಿ ನಿತ್ಯವೂ ಬರೆಯುವೆವು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡುವುದು ಕ್ಷೇಮ. ಬ್ಯಾಟರಿಯನ್ನು ಕೊಂಡು ತಂದುದು ಯೋಗವಷ್ಟೆ. ಕ್ಷೇಮಕ್ಕಾಗಿ ಮಾಡಬೇಕಾದ ಕೆಲಸಗಳು ಐದುಂಟು.

ಒಂದನೆಯದು, ತುಂಬುವ ಯಂತ್ರ, ಅರ್ಥಾತ್ ಚಾರ್ಜರ್. ಹಳೆಯ ಚಾರ್ಜರುಗಳಲ್ಲಿ ಅನೇಕವು ೧೩.೬ ವೋಲ್ಟಿನಷ್ಟರಲ್ಲಿಯೇ ನಿಲ್ಲುವುವು. ನಾಲ್ಕು ಕೋಶಗಳ ಲಿಥಿಯಂ ಬ್ಯಾಟರಿಯು ಚೆನ್ನಾಗಿ ತುಂಬಬೇಕಾದರೆ ೧೪.೨ರಿಂದ ೧೪.೬ ವೋಲ್ಟ್ ಬೇಕು. ಮತ್ತೆ ಕೆಲವು ಚಾರ್ಜರುಗಳು ಸೀಸದ ಹಿತಕ್ಕಾಗಿ ಆಗಾಗ್ಗೆ ೧೫ ವೋಲ್ಟನ್ನು ಮೀರಿಸಿ ಒತ್ತುವುವು. ಲಿಥಿಯಮಿಗೆ ಇದು ವಿಷಪ್ರಾಯ. ಆದುದರಿಂದ ಲಿಥಿಯಮಿಗೆಂದೇ ಮಾಡಿದ ಅಥವಾ ಹಾಗೆ ಹೊಂದಿಸಬಹುದಾದ ಚಾರ್ಜರನ್ನೇ ಇಡತಕ್ಕದ್ದು. ಸೂರ್ಯಫಲಕದ ನಿಯಂತ್ರಕಕ್ಕೂ ಇದೇ ಮಾತು ಸಲ್ಲುವುದು.

ಎರಡನೆಯದು, ಟ್ರಕ್ಕಿನ ಎಂಜಿನ್ನು ತಿರುಗಿಸುವ ಆಲ್ಟರ್ನೇಟರ್. ಸೀಸದ ಬ್ಯಾಟರಿಯು ತುಂಬುತ್ತ ಬಂದಂತೆ ತಾನೇ ಪ್ರವಾಹವನ್ನು ಕಡಿಮೆಮಾಡಿಕೊಳ್ಳುವುದು. ಲಿಥಿಯಮಿಗೆ ಆ ಸಂಕೋಚವಿಲ್ಲ; ಕೊಟ್ಟಷ್ಟನ್ನೂ ಕೊನೆಯವರೆಗೆ ನುಂಗುವುದು. ಎಂಜಿನ್ನು ಮೆಲ್ಲಗೆ ತಿರುಗುತ್ತಿರುವಾಗ ಆಲ್ಟರ್ನೇಟರಿನ ಬೀಸಣಿಗೆಯೂ ಮೆಲ್ಲಗೆ ತಿರುಗುವುದರಿಂದ, ದುಡಿತ ಹೆಚ್ಚಾಗಿ ತಂಪು ಕಡಿಮೆಯಾಗಿ ಅದು ಸುಟ್ಟುಹೋಗಬಹುದು. ಎರಡರ ನಡುವೆ ‘ಡಿಸಿ-ಡಿಸಿ ಚಾರ್ಜರ್’ ಎಂಬ ಪೆಟ್ಟಿಗೆಯನ್ನಿಟ್ಟರೆ ಅದು ೨೦ ಅಥವಾ ೪೦ ಆಂಪಿಯರಿನ ಮಿತಿಯಲ್ಲಿ, ತಕ್ಕ ವೋಲ್ಟಿನಲ್ಲಿ, ಶಕ್ತಿಯನ್ನು ಅಳೆದು ಕೊಡುವುದು.

ಮೂರನೆಯದು ಚಳಿ. ಇದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯಿಂದ ಶಕ್ತಿಯನ್ನು ತೆಗೆಯಬಹುದು, ತುಂಬಬಾರದು. ತುಂಬಿದರೆ ಲಿಥಿಯಮು ತಗಡಿನೊಳಗೆ ಸೇರದೆ ಅದರ ಮೇಲೆಯೇ ಲೋಹವಾಗಿ ಕೂಡುವುದು. ಆ ಹಾನಿಯು ಸರಿಪಡಿಸಲಾಗದ್ದು. ರಾತ್ರಿಯೆಲ್ಲ ಹಿಮದಲ್ಲಿದ್ದ ಬ್ಯಾಟರಿಯು ಇನ್ನೂ ಕೊರೆಯುತ್ತಿರುವಾಗಲೇ ಬೆಳಗಿನ ಬಿಸಿಲು ಫಲಕದ ಮೇಲೆ ಬಿದ್ದು ತುಂಬಲಾರಂಭಿಸುವುದು. ಯಜಮಾನನಿಗೆ ನಿದ್ರೆ, ಬ್ಯಾಟರಿಗೆ ಕೇಡು! ಆದಕಾರಣ ಚಳಿಯಲ್ಲಿ ತಾನೇ ತುಂಬುವಿಕೆಯನ್ನು ತಡೆಯುವ ಕಾವಲು ವ್ಯವಸ್ಥೆಯುಳ್ಳ, ಸಾಧ್ಯವಾದರೆ ತನ್ನನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಬ್ಯಾಟರಿಯನ್ನೇ ಕೊಳ್ಳುವುದು ಲೇಸು. ಸೀಸದಂತೆ ಸದಾ ವಾಯುವನ್ನು ಬಿಡದಿರುವುದರಿಂದ ಇದನ್ನು ಮನೆಯೊಳಗಿನ ಬೆಚ್ಚನೆಯ ಮೂಲೆಯಲ್ಲಿಯೂ ಇಡಬಹುದು.

ನಾಲ್ಕನೆಯದು ತಂತಿಗಳೂ ಫ್ಯೂಸುಗಳೂ. ೨೦೦೦ ವಾಟಿನ ಇನ್ವರ್ಟರನ್ನು ೧೨ ವೋಲ್ಟಿನಿಂದ ನಡೆಸಲು ೧೭೦ ಆಂಪಿಯರಿಗೂ ಮೀರಿದ ಪ್ರವಾಹ ಬೇಕು. ಅದೇ ಕೆಲಸಕ್ಕೆ ನಮ್ಮ ಮನೆಯ ೨೩೦ ವೋಲ್ಟಿನಲ್ಲಿ ೯ ಆಂಪಿಯರ್ ಸಾಕು. ಪ್ರವಾಹವು ಎರಡರಷ್ಟಾದರೆ ತಂತಿಯ ಬಿಸಿಯು ನಾಲ್ಕರಷ್ಟಾಗುವುದು. ತೆಳುವಾದ ತಂತಿಯು ಕಾದು ಮರದ ಗೋಡೆಯೊಳಗೆ ಕಿಚ್ಚನ್ನಿಡುವುದು ಹೀಗೆ. ಬೆರಳಿನ ಗಾತ್ರದ ತಾಮ್ರದ ತಂತಿ, ಬಿಗಿಯಾದ ಸಂಧಿಗಳು, ಬ್ಯಾಟರಿಗೆ ಅತಿ ಸಮೀಪದಲ್ಲಿ ಫ್ಯೂಸು, ಈ ಮೂರರಲ್ಲಿ ಜಿಪುಣತನ ಸಲ್ಲದು. ಲಿಥಿಯಂ ಬ್ಯಾಟರಿಯ ಎರಡು ಧ್ರುವಗಳು ನೇರವಾಗಿ ತಗಲಿದರೆ ಸಾವಿರಾರು ಆಂಪಿಯರ್ ಒಮ್ಮೆಗೇ ನುಗ್ಗುವುದಾದ್ದರಿಂದ, ಅಂತಹ ರಭಸವನ್ನು ಕಡಿಯಬಲ್ಲ ‘ಕ್ಲಾಸ್ ಟಿ’ ಎಂಬ ಜಾತಿಯ ಫ್ಯೂಸನ್ನು ಬಲ್ಲವರು ಹಾಕುವರು. ಕೆಲಸಮಾಡುವವನು ಕೈಯ ಉಂಗುರ, ಬಳೆ, ಗಡಿಯಾರಗಳನ್ನು ಮೊದಲು ತೆಗೆದಿಡಬೇಕು.

ಐದನೆಯದು ಆಯವ್ಯಯದ ಲೆಕ್ಕ. ಸೀಸದ ಬ್ಯಾಟರಿಯ ವೋಲ್ಟನ್ನು ನೋಡಿ ಎಷ್ಟು ಉಳಿದಿದೆಯೆಂದು ಊಹಿಸಬಹುದು. ಲಿಥಿಯಮಿನ ವೋಲ್ಟು ತುಂಬಿದ್ದಾಗಲೂ ಮುಕ್ಕಾಲು ಕರಗಿದಾಗಲೂ ಹೆಚ್ಚುಕಡಿಮೆ ಒಂದೇ. ಕಡೆಯಲ್ಲಿ ಥಟ್ಟನೆ ಕುಸಿಯುವುದು. ಮುಖದಲ್ಲಿ ಬಡತನವನ್ನು ತೋರಗೊಡದ ಮಾನವಂತನಂತೆ ಇದರ ಸ್ವಭಾವ. ಆದುದರಿಂದ ಒಳಬಂದ, ಹೊರಹೋದ ಆಂಪಿಯರ್-ಘಂಟೆಗಳನ್ನು ಎಣಿಸುವ ‘ಷಂಟ್’ ಎಂಬ ಮಾಪಕವನ್ನು ಜೋಡಿಸತಕ್ಕದ್ದು. ಹಳೆಯ ಸೀಸವನ್ನೂ ಹೊಸ ಲಿಥಿಯಮನ್ನೂ ಒಂದೇ ನೊಗಕ್ಕೆ ಕಟ್ಟುವುದಂತೂ ಕೂಡದು.

ಇನ್ನು ನಮ್ಮ ನಾಡಿನ ಮನೆಗಳಿಗೆ ಬರೋಣ. ಇನ್ವರ್ಟರಿನ ಸೀಸದ ಬ್ಯಾಟರಿಗೆ ಬದಲಾಗಿ ಲಿಥಿಯಮನ್ನು ಇಡಬಯಸುವವರು, ತಮ್ಮ ಹಳೆಯ ಇನ್ವರ್ಟರು ಅದಕ್ಕೆ ಒಪ್ಪುವುದೇ ಎಂದು ಮೊದಲು ವಿಚಾರಿಸಬೇಕು. ಒಪ್ಪದಿದ್ದರೆ ಎರಡನ್ನೂ ಒಟ್ಟಿಗೆ ಬದಲಾಯಿಸುವುದೇ ಮೇಲು. ನಮ್ಮಲ್ಲಿ ಬಹುಕಡೆ ಹಿಮದ ಭಯವಿಲ್ಲ, ಸೆಖೆಯ ಭಯವುಂಟು. ಬಿಸಿಲು ಬೀಳುವ ಮಾಳಿಗೆಯ ಕೋಣೆಯಲ್ಲಿ ಬ್ಯಾಟರಿಯನ್ನಿಟ್ಟರೆ ಯಾವ ಜಾತಿಯದಾದರೂ ಬೇಗನೆ ಮುಪ್ಪಾಗುವುದು. ತೆಗೆದ ಸೀಸದ ಬ್ಯಾಟರಿಯನ್ನು ಬೀದಿಯ ಗುಜರಿಯವನಿಗೆ ಕೊಡದೆ, ಮಾರಿದ ಅಂಗಡಿಗೇ ಹಿಂದಿರುಗಿಸಬೇಕು. ಬಯಲಿನಲ್ಲಿ ಸೀಸವನ್ನು ಕರಗಿಸುವವರ ಹೊಗೆಯು ಮಕ್ಕಳ ಮಿದುಳಿಗೆ ಕೇಡನ್ನುಂಟುಮಾಡುವುದು. ಭಾರತ ಸರ್ಕಾರವು ೨೦೨೨ರಲ್ಲಿ ಹೊರಡಿಸಿದ ನಿಯಮಗಳಲ್ಲಿ, ತಯಾರಕರೇ ಹಳೆಯ ಬ್ಯಾಟರಿಗಳ ಹೊಣೆಯನ್ನು ಹೊರಬೇಕೆಂದು ವಿಧಿಸಿರುವುದು.

ಮನೆಯು ನೆಲದ ಮೇಲಿರಲಿ, ಟ್ರಕ್ಕಿನ ಬೆನ್ನ ಮೇಲಿರಲಿ, ಗೃಹಸ್ಥಧರ್ಮವು ಒಂದೇ. ಗಳಿಕೆಯನ್ನರಿತು ವ್ಯಯಮಾಡುವುದು, ಸಂಗ್ರಹಿಸಿದುದನ್ನು ಅದರ ಸ್ವಭಾವಕ್ಕನುಗುಣವಾಗಿ ಪಾಲಿಸುವುದು, ಆಪತ್ಕಾಲಕ್ಕೆ ಸ್ವಲ್ಪ ಉಳಿಸಿರುವುದು. ಅಮೆರಿಕಾದ ಮಗನು ಮುಂದಿನ ಸಲ ‘ಅಪ್ಪ, ಈ ಸಲ ಬೆಟ್ಟಕ್ಕೆ ಹೋಗೋಣ’ ಎಂದಾಗ, ‘ಎಷ್ಟು ದೊಡ್ಡ ಬ್ಯಾಟರಿ?’ ಎಂದು ಕೇಳುವುದಕ್ಕೆ ಮೊದಲು, ‘ಫ್ಯೂಸು ಎಲ್ಲಿದೆ, ಚಳಿಗೆ ಏನು ಏರ್ಪಾಡು?’ ಎಂದು ಕೇಳುವ ತಂದೆಯು ತನ್ನ ಸಂಸಾರದ ಕ್ಷೇಮವನ್ನು ಅರಿತವನು.