ಸುಂಕದ ಕಟ್ಟೆಯಲ್ಲಿ ಕವಚ

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಹೇಳಿಕೊಂಡರೂ ಅವನು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದಷ್ಟೇ ಅದಕ್ಕೆ ಅರ್ಥವೆಂದು ನಾನು ಬಹುಕಾಲ ತಿಳಿದಿದ್ದೆ. ಆದರೆ ಸುಂಕದವನೂ ಒಂದು ಬಗೆಯ ಶ್ರೋತೃವೇ. ಅವನಿಗೆ ಬೇಕಾದ ಕಥೆ ಮಾತ್ರ ಬೇರೆ. ಈ ಸಂಗತಿಯನ್ನು ನನಗೆ ಮನದಟ್ಟು ಮಾಡಿಕೊಟ್ಟವನು ನನ್ನ ಹಳೆಯ ಶಿಷ್ಯನೊಬ್ಬ.

ಆತ ಸಕಲೇಶಪುರದ ಕಡೆಯ ಕಾಫಿ ತೋಟದ ಮನೆಯ ಹುಡುಗ. ತಂದೆಯ ಹಳೆಯ ಜೀಪಿನಲ್ಲಿ ಮಳೆಗಾಲದ ಕೆಸರನ್ನು ಈಸಿಕೊಂಡು ಕಾಲೇಜಿಗೆ ಬರುತ್ತಿದ್ದವನು. ಈಗ ಅಮೆರಿಕದ ಕೊಲರಾಡೊ ಪ್ರಾಂತದಲ್ಲಿ ಉದ್ಯೋಗ. ಕಳೆದ ಬಾರಿ ರಜೆಗೆಂದು ಊರಿಗೆ ಬಂದಾಗ ನಮ್ಮ ಮನೆಗೂ ಬಂದು, ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ, ತುಸು ಸಂಕೋಚದಿಂದಲೇ ಹೇಳಿದ: “ಮೇಷ್ಟ್ರೇ, ಇಂಗ್ಲೆಂಡಿನಿಂದ ಒಂದು ಗಾಡಿ ತರಿಸಬೇಕು ಅಂತ ಆಸೆ. ಬ್ರಿಟಿಷ್ ಸೈನ್ಯದಲ್ಲಿದ್ದ ಹಳೆಯ ಲ್ಯಾಂಡ್ ರೋವರು. ಮೈತುಂಬ ಗುಂಡು ತಡೆಯುವ ಕವಚ ಇದೆ.”

“ಗುಂಡು ಹಾರದ ಊರಿನಲ್ಲಿ ಕವಚ ಯಾಕಪ್ಪ?” ಎಂದು ನಾನು ನಕ್ಕೆ. ಅವನೂ ನಕ್ಕ. “ನೀವು ಕೇಳಿದ್ದನ್ನೇ ಅಲ್ಲಿಯ ಸರ್ಕಾರವೂ ಕೇಳ್ತಾ ಇದೆ, ಸಾರ್. ಆದರೆ ಅವರು ನಗೋದಿಲ್ಲ.”

ಆ ರಾತ್ರಿ ಅವನು ವಿವರಿಸಿದ್ದೂ, ಅನಂತರ ಕುತೂಹಲದಿಂದ ನಾನೇ ಓದಿ ತಿಳಿದದ್ದೂ ಸೇರಿ ಈ ಲೇಖನವಾಗಿದೆ. ಮೋಟಾರು ವಾಹನದ ವಿಷಯವನ್ನು ಕನ್ನಡ ಅಧ್ಯಾಪಕನೊಬ್ಬ ಬರೆಯುವುದೇ ಎಂದು ಓದುಗರು ಹುಬ್ಬೇರಿಸಬಾರದು. ಇಲ್ಲಿರುವ ಸಮಸ್ಯೆ ಕಡೆಗೂ ಒಂದು ಶಬ್ದಾರ್ಥದ ಸಮಸ್ಯೆ: ಕವಚವೆಂಬುದು ಆಯುಧವೋ ಅಲ್ಲವೋ?

ಮೊದಲು ವಾಹನದ ಪರಿಚಯ. ಅದರ ಹೆಸರು ‘ಸ್ನ್ಯಾಚ್’. ಗಲಭೆಯ ಗುಂಪಿನೊಳಕ್ಕೆ ನುಗ್ಗಿ ಮುಂದಾಳುಗಳನ್ನು ಸೆಳೆದು ತರುವ ಸಣ್ಣ ತುಕಡಿಗಳಿಗೆ ಇಂಗ್ಲಿಷಿನಲ್ಲಿ ಆ ಹೆಸರುಂಟು. ಅದೇ ಗಾಡಿಗೂ ಅಂಟಿತು. 1992ರಲ್ಲಿ ಉತ್ತರ ಐರ್ಲೆಂಡಿನ ಬೀದಿಗಳ ಕಾವಲಿಗೆಂದು ಬ್ರಿಟಿಷ್ ಸೈನ್ಯ ಇದನ್ನು ಬಳಕೆಗೆ ತಂದಿತು. ಲ್ಯಾಂಡ್ ರೋವರ್ ಡಿಫೆಂಡರಿನ ಚಾಸಿ, ಅದರ ಮೇಲೆ ಗಾಜಿನ ನಾರು ಮುಂತಾದವುಗಳನ್ನು ಪದರಪದರವಾಗಿ ಒತ್ತಿ ಮಾಡಿದ ಹಗುರವಾದ ಕವಚದ ಗೂಡು. ಸೇವೆಯಿಂದ ಬಿಡುಗಡೆಯಾದ ಇಂಥ ಕೆಲವು ಗಾಡಿಗಳು ಕಾಲಕ್ರಮದಲ್ಲಿ ಖಾಸಗಿಯವರ ಕೈಗೂ ಬಂದಿವೆ. ಅವುಗಳಲ್ಲೊಂದು ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕದ ರಸ್ತೆಗೆ ಇಳಿಯಬೇಕಾದರೆ ಎಷ್ಟು ಬಾಗಿಲುಗಳನ್ನು ತಟ್ಟಬೇಕು!

ಮೊದಲನೆಯ ಬಾಗಿಲು ವಯಸ್ಸಿನದು. ಅಮೆರಿಕ 1966ರಲ್ಲಿ ಮೋಟಾರು ವಾಹನಗಳ ಸುರಕ್ಷತೆಗೆ ಒಂದು ಶಾಸನ ಮಾಡಿತು. ಅದರ ಮೇರೆಗೆ 1968ರಿಂದ ತಯಾರಾದ ಪ್ರತಿಯೊಂದು ವಾಹನವೂ ಆ ದೇಶದ ಸುರಕ್ಷತಾ ನಿಯಮಗಳಿಗೆ ಒಪ್ಪುವಂಥದೆಂದು ತಯಾರಕನೇ ಪ್ರಮಾಣೀಕರಿಸಬೇಕು. ಬೇರೆ ದೇಶದ ಪೇಟೆಗೆಂದು ಮಾಡಿದ ವಾಹನಕ್ಕೆ ಈ ಪ್ರಮಾಣಪತ್ರ ಎಲ್ಲಿಂದ ಬರಬೇಕು? 1980ರ ದಶಕದಲ್ಲಿ ಧನವಂತರು ಯೂರೋಪಿನಿಂದ ಕಾರುಗಳನ್ನು ನೇರವಾಗಿ ತರಿಸಿಕೊಂಡು, ಅಲ್ಲಿಯೇ ದೀಪ, ಬಂಪರು ಬದಲಾಯಿಸಿ ಓಡಿಸುವ ವ್ಯಾಪಾರ ಭರದಿಂದ ಬೆಳೆಯಿತು. ಕಂಪೆನಿಗಳ ಅಧಿಕೃತ ಮಾರಾಟಗಾರರಿಗೆ ಇದು ಸಹಿಸಲಿಲ್ಲ. 1988ರಲ್ಲಿ ಹೊಸ ಶಾಸನ ಬಂತು. ಸರ್ಕಾರದಲ್ಲಿ ನೋಂದಣಿ ಪಡೆದ ಆಮದುದಾರನ ಮೂಲಕವೇ ವಾಹನ ಬರಬೇಕು; ಅಂಥ ಮಾದರಿಯನ್ನು ನಿಯಮಕ್ಕೆ ತಕ್ಕಂತೆ ತಿದ್ದಲು ಸಾಧ್ಯವೆಂದು ಸರ್ಕಾರ ಮೊದಲೇ ಒಪ್ಪಿರಬೇಕು; ತಿದ್ದುವ ಖರ್ಚು ಗಾಡಿಯ ಬೆಲೆಯನ್ನೇ ಮೀರಿದರೂ ಮೀರೀತು. ಆದರೆ ತಯಾರಾಗಿ 25 ವರ್ಷ ತುಂಬಿದ ವಾಹನಕ್ಕೆ ಈ ಯಾವ ಬಂಧನವೂ ಇಲ್ಲ. ಹೊಗೆಯ ವಿಷಯ ನೋಡಿಕೊಳ್ಳುವ ಪರಿಸರ ಇಲಾಖೆ ಇನ್ನೂ ಉದಾರಿ. ಮೂಲರೂಪದಲ್ಲಿಯೇ ಇರುವ ಗಾಡಿಗೆ 21 ವರ್ಷ ತುಂಬಿದ್ದರೆ ಸಾಕು.

ಇದರ ತರ್ಕ ಸ್ವಾರಸ್ಯವಾಗಿದೆ. 24 ವರ್ಷದ ಗಾಡಿ ಪ್ರಜೆಗಳ ಪ್ರಾಣಕ್ಕೆ ಅಪಾಯ. ಒಂದು ವರ್ಷ ಕಳೆದು ಇನ್ನಷ್ಟು ಸವೆದ ಮೇಲೆ ಅದು ನಿರಪಾಯ! ಕಾನೂನಿನ ದೃಷ್ಟಿಯಲ್ಲಿ ಆಗ ಅದು ವಾಹನವಾಗಿ ಉಳಿಯದೆ ಸ್ಮಾರಕವಾಗುತ್ತದೆಂದು ಕಾಣುತ್ತದೆ. ಮುದುಕರ ಮೇಲೆ ಲೋಕಕ್ಕೆ ಇರುವ ಔದಾರ್ಯವೇ ಇದೂ. ನಮ್ಮ ದೇಶದ ಸಾಮಾನ್ಯ ನಿಯಮ ಇದಕ್ಕೆ ತೀರ ವಿರುದ್ಧ. ವಿಂಟೇಜ್ ವಾಹನಗಳ ಮಾತು ಬೇರೆ. ಉಳಿದಂತೆ ಭಾರತಕ್ಕೆ ತರುವ ಬಳಸಿದ ಕಾರು ತಯಾರಾಗಿ 3 ವರ್ಷ ಮೀರಿರಬಾರದು, ಚುಕ್ಕಾಣಿ ಬಲಗಡೆಗೇ ಇರಬೇಕು. ಒಂದು ದೇಶ ‘ಮುದುಕನಾಗಿ ಬಾ’ ಎನ್ನುತ್ತದೆ. ಇನ್ನೊಂದು ‘ಎಳೆಯನಾಗಿದ್ದರೆ ಮಾತ್ರ ಬಾ’ ಎನ್ನುತ್ತದೆ. ನಡುವಯಸ್ಸಿನವನಿಗೆ ಎಲ್ಲಿಯೂ ಸ್ಥಳವಿಲ್ಲ. ನಲವತ್ತು ದಾಟಿದ ನನಗೆ ಈ ಭಾಗ ಚೆನ್ನಾಗಿ ಅರ್ಥವಾಯಿತು.

ವಯಸ್ಸೇ ರಹದಾರಿಯಾದ ಕಡೆ ವಯಸ್ಸಿನ ಸುಳ್ಳೂ ಹುಟ್ಟುತ್ತದೆ. ಅಮೆರಿಕದಲ್ಲಿ ಡಿಫೆಂಡರನ್ನು ಕಂಪೆನಿಯೇ ಮಾರಿದ್ದು 1993ರಿಂದ 1997ರವರೆಗೆ, ಅದೂ ಸ್ವಲ್ಪ ಸಂಖ್ಯೆಯಲ್ಲಿ. ಬೇಡಿಕೆ ಉಳಿಯಿತು, ಗಾಡಿ ಸಿಗದಾಯಿತು. ಆಗ ಕೆಲವರು ಹೊಸ ಗಾಡಿಗೆ ಹಳೆಯ ಗಾಡಿಯ ಚಾಸಿ ನಂಬರನ್ನು ತೊಡಿಸಿ ಸಾಗಿಸತೊಡಗಿದರು. 2013ರಲ್ಲಿ ಸುಂಕದ ಇಲಾಖೆ ಇಂಥ ಒಂದು ಡಿಫೆಂಡರನ್ನು ಯಂತ್ರದ ಬಾಯಿಗೆ ಕೊಟ್ಟು ಅಪ್ಪಚ್ಚಿ ಮಾಡಿಸಿ, ಅದರ ಚಿತ್ರವನ್ನೂ ಲೋಕಕ್ಕೆ ತೋರಿಸಿತು. 2014ರ ಜುಲೈ ತಿಂಗಳಿನಲ್ಲಿ ಅಧಿಕಾರಿಗಳು ನಾನಾ ಊರುಗಳಲ್ಲಿ 40 ಡಿಫೆಂಡರುಗಳನ್ನು ಮಾಲೀಕರ ಮನೆಬಾಗಿಲಿನಿಂದಲೇ ಜಪ್ತಿ ಮಾಡಿದರು. ಮಾಲೀಕರಲ್ಲಿ ಹಲವರು ನ್ಯಾಯಕ್ಕಾಗಿ ಹೋರಾಡಿ, ಮರುವರ್ಷ ತಮ್ಮ ಗಾಡಿಗಳನ್ನು ಹಿಂದಕ್ಕೆ ಪಡೆದುದೂ ಉಂಟು. ಕೊಂಡವನಿಗೆ ತಾನು ಕೊಂಡದ್ದು ಯಾವ ವರ್ಷ ಹುಟ್ಟಿದ್ದೆಂಬುದು ನಿಜವಾಗಿ ತಿಳಿದಿತ್ತೆ? ಸುಂಕದವನು ಆ ದುಃಖವನ್ನು ಕೇಳುವುದಿಲ್ಲ.

ನನ್ನ ಶಿಷ್ಯನ ಸ್ನ್ಯಾಚ್ ಗಾಡಿಗೆ ಈ ಬಾಗಿಲು ತೆರೆದೇ ಇತ್ತು. ಅದು 1990ರ ದಶಕದ ಮೊದಲ ಭಾಗದ್ದು. 25 ವರ್ಷ ಎಂದೋ ತುಂಬಿದೆ. ಬಲಗಡೆಯ ಚುಕ್ಕಾಣಿಗೆ ಅಲ್ಲಿಯ ಕೇಂದ್ರ ಶಾಸನದ ಅಡ್ಡಿಯಿಲ್ಲ. ಚಕ್ರ, ಚಾಸಿಗಳಿಗೆ ಪರದೇಶದ ಮಣ್ಣು ಅಂಟಿರಬಾರದೆಂದು ಕೃಷಿ ಇಲಾಖೆ ವಿಧಿಸುತ್ತದೆ. ಮಣ್ಣಿನೊಡನೆ ಬೆಳೆಗಳ ರೋಗವೂ ಕೀಟವೂ ಬಂದಾವೆಂಬ ಭಯ ಅದಕ್ಕೆ. ಬಿಸಿ ಹಬೆಯಿಂದ ತೊಳೆಸಿದರಾಯಿತು. ಎಲ್ಲವೂ ಸರಿಯೆ. ಆದರೆ ಎರಡನೆಯ ಬಾಗಿಲಿನಲ್ಲಿ ಕವಚ ಸಿಕ್ಕಿಕೊಂಡಿತು.

ಅಮೆರಿಕದಲ್ಲಿ 1976ರ ಆಯುಧ ರಫ್ತು ನಿಯಂತ್ರಣ ಶಾಸನದ ಆಧಾರದ ಮೇಲೆ ಆಮದಿಗೂ ಒಂದು ಯುದ್ಧಸಾಮಗ್ರಿ ಪಟ್ಟಿ ಉಂಟು. ಅದರ ಏಳನೆಯ ವರ್ಗದಲ್ಲಿ ಟ್ಯಾಂಕುಗಳ ಜೊತೆಗೆ ಸೈನಿಕ ಮಾದರಿಯ ಕವಚವುಳ್ಳ ವಾಹನಗಳೂ ಸೇರಿವೆ. ಗಾಡಿಯಲ್ಲಿ ಒಂದು ಚೂರಿಯೂ ಇಲ್ಲದಿರಬಹುದು, ಕವಚವಿದ್ದರೆ ಸಾಕು. ಅದನ್ನು ತರಲು ಬಂದೂಕು, ಮದ್ದುಗುಂಡುಗಳ ಇಲಾಖೆಗೆ ‘ಆರನೆಯ ನಮೂನೆ’ ಎಂಬ ಅರ್ಜಿ ಹಾಕಿ ಮುಂಚಿತವಾಗಿ ಅನುಮತಿ ಪಡೆಯಬೇಕು. ಬಂದೂಕನ್ನು ತರಿಸುವವನು ತುಂಬುವುದೂ ಅದೇ ನಮೂನೆ. ಇತ್ತ ಬ್ರಿಟನ್ನಿನಿಂದ ಅದು ಹೊರಡಬೇಕಾದರೆ ಅಲ್ಲಿಯ ಸರ್ಕಾರದ ರಫ್ತು ಪರವಾನಗಿ ಬೇರೆ ಬೇಕು. ಎರಡು ದೇಶಗಳ ಎರಡು ರಹದಾರಿಗಳು ಕೈಗೂಡುವವರೆಗೆ ಗಾಡಿ ಬಂದರನ್ನೇ ನೋಡುವಂತಿಲ್ಲ.

ಸೈನ್ಯದ್ದಲ್ಲದ ವಾಹನದ ಗತಿಯೇನು ಎಂದು ಕೇಳಬಹುದು. ಡಚ್ಚರ ಒಂದು ಊರಿನ ಹೆಸರು ಹೊತ್ತ ವಾಸೆನಾರ್ ಒಪ್ಪಂದ 1996ರಿಂದ ನಡೆದು ಬಂದಿದೆ; ಬ್ರಿಟನ್, ಅಮೆರಿಕಗಳು ಅದರಲ್ಲಿವೆ, 2017ರ ಡಿಸೆಂಬರಿನಲ್ಲಿ ಭಾರತವೂ ಸೇರಿತು. ಅದರ ಯುದ್ಧಸಾಮಗ್ರಿಗಳ ಪಟ್ಟಿಯಲ್ಲಿ ನಾಗರಿಕ ವಾಹನವೂ ಯಾವಾಗ ಸೈನಿಕ ವಸ್ತುವಾಗುತ್ತದೆಂದು ನಾಲ್ಕು ಲಕ್ಷಣಗಳನ್ನು ಹೇಳಿದೆ. ಬಂದೂಕಿನ ಗುಂಡನ್ನು ತಡೆಯುವಷ್ಟು ಕವಚವಿರಬೇಕು. ಮುಂದಿನ ಚಕ್ರಗಳಿಗೂ ಹಿಂದಿನ ಚಕ್ರಗಳಿಗೂ ಏಕಕಾಲಕ್ಕೆ ಎಂಜಿನಿನ ಬಲ ಸಲ್ಲಬೇಕು. ಹೊರೆ ಸಹಿತ ತೂಕದ ಮಿತಿ 4,500 ಕಿಲೋಗ್ರಾಮನ್ನು ಮೀರಬೇಕು. ರಸ್ತೆಯಿಲ್ಲದ ನೆಲದಲ್ಲಿ ಓಡಲೆಂದು ಮಾಡಿದ್ದಾಗಿರಬೇಕು. ನಾಲ್ಕೂ ಕೂಡಿದರೆ ಅದು ಯುದ್ಧಸಾಮಗ್ರಿ. ನಮ್ಮ ಲಾಕ್ಷಣಿಕರು ಮಹಾಕಾವ್ಯಕ್ಕೆ ಲಕ್ಷಣ ಹೇಳಿದ ಹಾಗೆಯೇ ಇದೆಯಲ್ಲವೆ?

ಈ ಲಕ್ಷಣಕ್ಕೆ ಒಂದು ಅಪವಾದವನ್ನೂ ಅಲ್ಲಿಯೇ ಕೊಟ್ಟಿದ್ದಾರೆ. ಹಣವನ್ನಾಗಲಿ ಬೆಲೆಬಾಳುವ ವಸ್ತುಗಳನ್ನಾಗಲಿ ಸಾಗಿಸಲೆಂದು ಮಾಡಿದ ನಾಗರಿಕ ವಾಹನಗಳಿಗೆ ಇದು ಅನ್ವಯಿಸುವುದಿಲ್ಲ. ಇದನ್ನು ಓದಿ ನಾನು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕವಚದೊಳಗೆ ನೋಟಿನ ಕಂತೆಯಿದ್ದರೆ ಗಾಡಿ ನಾಗರಿಕ, ಮನುಷ್ಯನಿದ್ದರೆ ಸೈನಿಕ! ಹಣ ಯಾರ ಮೇಲೂ ಯುದ್ಧಕ್ಕೆ ಹೊರಡುವುದಿಲ್ಲವೆಂಬ ನಂಬಿಕೆ ಇರಬೇಕು.

ಹಾಗಾದರೆ ಕವಚ ಆಯುಧವೆ? ಅಮರಸಿಂಹ ತನ್ನ ಕೋಶದಲ್ಲಿ ಕವಚಕ್ಕೆ ತನುತ್ರ, ವರ್ಮ ಮೊದಲಾದ ಪರ್ಯಾಯಗಳನ್ನು ಕೊಟ್ಟಿದ್ದಾನೆ. ತನುವನ್ನು ಕಾಯುವುದು ತನುತ್ರ; ಹೆಸರಿನಲ್ಲಿ ಹಿಂಸೆಯ ಸುಳಿವೂ ಇಲ್ಲ. ಆದರೆ ಆ ಶಬ್ದಗಳನ್ನು ಅವನು ಇಟ್ಟಿರುವುದು ಕ್ಷತ್ರಿಯವರ್ಗದಲ್ಲಿ, ಬಿಲ್ಲು ಕತ್ತಿಗಳ ನೆರೆಯಲ್ಲಿ. ಅಮೆರಿಕದ ಪಟ್ಟಿ ಮಾಡಿರುವುದೂ ಅದನ್ನೇ. ಭಾರತದ ಕಥೆಯಲ್ಲಿ ಇಂದ್ರ ಬ್ರಾಹ್ಮಣವೇಷದಿಂದ ಬಂದಾಗ ಕರ್ಣನ ಬಿಲ್ಲನ್ನು ಬೇಡಲಿಲ್ಲ, ಬಾಣಗಳನ್ನು ಬೇಡಲಿಲ್ಲ. ಮೈಗೆ ಹುಟ್ಟಿನಿಂದ ಬಂದ ಕವಚವನ್ನೂ ಕುಂಡಲಗಳನ್ನೂ ಬೇಡಿದ. ಅದಕ್ಕೆ ಪ್ರತಿಯಾಗಿ ಅವನು ಕೊಟ್ಟದ್ದು ಶಕ್ತ್ಯಾಯುಧವನ್ನು. ದೇವೇಂದ್ರನ ಸುಂಕದ ಕಟ್ಟೆಯಲ್ಲಿಯೂ ಕವಚದ ಬೆಲೆಯನ್ನು ಆಯುಧದಿಂದಲೇ ಅಳೆದರು. ಕಾದುವವನ ಕೈಗೆ ಬಲ ಬರುವುದು ತನ್ನ ಎದೆ ಭದ್ರವಾಗಿದೆಯೆಂಬ ಧೈರ್ಯದಿಂದ ಎಂಬುದು ಇಂದ್ರನಿಗೆ ತಿಳಿದಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ವಿನೋದದ ಪ್ರಬಂಧವಾಗುತ್ತಿತ್ತು. ಆದರೆ ಸ್ನ್ಯಾಚ್ ಗಾಡಿಯ ಕಥೆಗೆ ಇನ್ನೊಂದು ಅಧ್ಯಾಯವಿದೆ. 2003ರಲ್ಲಿ ಇರಾಕಿನ ಯುದ್ಧ ಆರಂಭವಾದ ಮೇಲೆ ಬ್ರಿಟಿಷ್ ಸೈನ್ಯ ಇದನ್ನು ಅಲ್ಲಿಗೂ, ಮುಂದೆ ಆಫ್ಘಾನಿಸ್ತಾನಕ್ಕೂ ಒಯ್ದಿತು. ಐರ್ಲೆಂಡಿನ ಬೀದಿಯ ಕಲ್ಲಿಗೂ ಗುಂಡಿಗೂ ಹೊಂದಿಸಿದ್ದ ಕವಚ ರಸ್ತೆಯಂಚಿನಲ್ಲಿ ಹುದುಗಿಸಿಟ್ಟ ಸಿಡಿಮದ್ದಿಗೆ ತಡೆಯಲಿಲ್ಲ. ಇದರೊಳಗೆ ಕುಳಿತಿದ್ದ 30ಕ್ಕೂ ಹೆಚ್ಚು ಯೋಧರು ಮಡಿದರು. ಸೈನಿಕರೇ ಇದನ್ನು ‘ಓಡಾಡುವ ಶವಪೆಟ್ಟಿಗೆ’ ಎಂದು ಕರೆದರು. ಮಡಿದವರ ತಾಯಿತಂದೆಯರು ನ್ಯಾಯಾಲಯದ ಮೆಟ್ಟಿಲೇರಿದರು. ಅವರ ದಾವೆಗಳು ಮುಂದುವರಿಯಬಹುದೆಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ತೀರ್ಪಿತ್ತಿತು. ಸಿಡಿಮದ್ದಿನ ಅಪಾಯ ತಿಳಿದ ಮೇಲೂ ಹೆಚ್ಚು ರಕ್ಷಣೆಯ ವಾಹನಗಳನ್ನು ಒದಗಿಸುವುದರಲ್ಲಿ ತಡವಾಯಿತೆಂದು 2016ರ ಚಿಲ್ಕಾಟ್ ವರದಿ ಹೇಳಿತು. 2017ರಲ್ಲಿ ರಕ್ಷಣಾ ಮಂತ್ರಿ ಮೈಕೇಲ್ ಫ್ಯಾಲನ್ ಆ ವಿಳಂಬಕ್ಕಾಗಿ ಕ್ಷಮೆ ಕೇಳಿದರು.

ಒಳಗಿದ್ದ ಹುಡುಗರನ್ನು ಕಾಯಲಾರದೆ ಹೋದ ಕವಚವದು. ಆದರೂ ಸುಂಕದ ಕಟ್ಟೆಯ ಪಟ್ಟಿಯಲ್ಲಿ ಇಂದಿಗೂ ಯುದ್ಧಸಾಮಗ್ರಿಯೆಂಬ ಗೌರವಕ್ಕೆ ಅದು ಪಾತ್ರವಾಗಿದೆ. ಎಂಜಿನಿನ ದೋಷವನ್ನು 25 ವರ್ಷ ಕ್ಷಮಿಸಿತು, ಹೊಗೆಯ ದೋಷವನ್ನು 21 ವರ್ಷ ಕ್ಷಮಿಸಿತು. ಕವಚವನ್ನು ಕ್ಷಮಿಸಲು ಅಷ್ಟು ಕಾಲ ಸಾಲದು. ವಾಸೆನಾರ್ ಪಟ್ಟಿಯಲ್ಲಿಯೂ ವಯಸ್ಸಿನ ರಿಯಾಯಿತಿ ಇದೆಯಾದರೂ, ಅದು 1946ಕ್ಕೆ ಮೊದಲು ತಯಾರಾಗಿ, ಆಯುಧವಿಲ್ಲದೆ ಉಳಿದಿರುವ ಹಳೆಯ ವಾಹನಗಳಿಗೆ ಮಾತ್ರ.

ಇದು ಕಾನೂನಿನ ಮೊಂಡುತನವೆಂದು ಮೊದಲು ನನಗೆ ತೋರಿತು. ಯೋಚಿಸುತ್ತ ಹೋದಂತೆ ಹಾಗೆ ತೋರಲಿಲ್ಲ. ಕವಚಕ್ಕೆ ತನ್ನೊಳಗೆ ಕುಳಿತವನು ಯಾರೆಂಬ ವಿವೇಕವಿಲ್ಲ. ಗಾಯಾಳುವನ್ನು ತರಲು ಹೊರಟ ವೈದ್ಯನನ್ನೂ, ಊರಿಗೆ ಕೊಳ್ಳಿಯಿಡಲು ಹೊರಟ ಪುಂಡನನ್ನೂ ಅದು ಒಂದೇ ನಿಷ್ಠೆಯಿಂದ ಕಾಯುತ್ತದೆ. ಕರ್ಣನ ಕವಚವೂ ಅವನು ನಿಂತ ಪಕ್ಷ ಯಾವುದೆಂದು ಕೇಳಿರಲಿಲ್ಲ. ವಾಹನಕ್ಕಿಲ್ಲದ ಆ ವಿವೇಕವನ್ನು ಅರ್ಜಿಯ ಮೂಲಕ ಒದಗಿಸುವುದು ಶಾಸನದ ಪ್ರಯತ್ನ. ಯುದ್ಧಭೂಮಿಯಲ್ಲಿ ದುಡಿಯುವ ಪತ್ರಕರ್ತರಿಗೂ ಪರಿಹಾರ ಕಾರ್ಯಕರ್ತರಿಗೂ ಇದರಿಂದ ತೊಂದರೆಯಿಲ್ಲದಿಲ್ಲ. ಐರೋಪ್ಯ ಒಕ್ಕೂಟದ ಆಯುಧ ನಿಷೇಧ ಶಾಸನಗಳು ಮಾನವೀಯ ಕಾರ್ಯಕ್ಕೂ ರಕ್ಷಣೆಗೂ ಬೇಕಾದ, ಮಾರಕವಲ್ಲದ ಸಲಕರಣೆಗಳಿಗೆ ವಿನಾಯಿತಿ ಕೊಡುವುದುಂಟು. ಆದರೆ ಅದಕ್ಕೂ ಮುಂಚಿತವಾದ ಒಪ್ಪಿಗೆ ಬೇಕು. ಒಪ್ಪಿಗೆಗೆ ದಿನಗಳು ಹಿಡಿಯುತ್ತವೆ. ಗುಂಡು ಒಪ್ಪಿಗೆಗಾಗಿ ಕಾಯುವುದಿಲ್ಲ. ನಿಜವಾದ ದುಃಖವಿರುವುದು ಇಲ್ಲಿ. ಹವ್ಯಾಸಿಯೊಬ್ಬನ ಆಸೆ ನೆರವೇರದೆ ಹೋದರೆ ಲೋಕಕ್ಕೆ ನಷ್ಟವೇನೂ ಇಲ್ಲ.

ಇದನ್ನು ನನ್ನ ಶಿಷ್ಯನೂ ಒಪ್ಪಿದ. ಆ ಗಾಡಿಯಲ್ಲಿ ಸತ್ತವರ ವಿಷಯ ಅವನಿಗೆ ತಿಳಿದಿರಲಿಲ್ಲ. ಹೇಳಿದಾಗ ಬಹಳ ಹೊತ್ತು ಮಾತಾಡಲಿಲ್ಲ. ಅಮೆರಿಕಕ್ಕೆ ಹಿಂದಿರುಗಿದ ಮೇಲೆ ಕಾಗದ ಬರೆದ. ಕವಚವಿಲ್ಲದ, ಸಾಧಾರಣವಾದ ಒಂದು ಹಳೆಯ ಡಿಫೆಂಡರನ್ನು ಇಂಗ್ಲೆಂಡಿನಿಂದ ತರಿಸಿಕೊಂಡನಂತೆ. ವಯಸ್ಸಿನ ಕಾಗದಪತ್ರಗಳನ್ನು ಒಂದಕ್ಕೆರಡು ಬಾರಿ ನೋಡಿಕೊಂಡೇ ಹಣ ಕೊಟ್ಟನಂತೆ. ಕಾಗದದ ಕೊನೆಯಲ್ಲಿ ಹೀಗಿತ್ತು: “ಮೇಷ್ಟ್ರೇ, ಹಡಗು ಹತ್ತಿಸುವ ಮೊದಲು ಗಾಡಿಗೆ ಅಂಟಿದ್ದ ಮಣ್ಣನ್ನೆಲ್ಲ ತೊಳೆಸಬೇಕಾಯಿತು. ನಮ್ಮ ತೋಟದ ಜೀಪನ್ನು ಅಪ್ಪ ಒಂದು ದಿನವೂ ತೊಳೆಸಿದ್ದು ನೆನಪಿಲ್ಲ. ಅದಕ್ಕೆ ಆ ಕೆಸರೇ ಕವಚ ಅಂತಿದ್ದರು.”